ಹದಿನೆಂಟಕ್ಕೆ ಮುಗಿಯುವ ಅಭಯದಾನ

ಮಗನಿಗೆ ಹದಿನೆಂಟು ತುಂಬಿತೆಂದು ಯಾವ ಶ್ರಾವಕನೂ ಅವನನ್ನು ಮನೆಯಿಂದ ಹೊರಗಟ್ಟುವುದಿಲ್ಲ. ವಿದ್ಯೆ, ಉದ್ಯೋಗ, ವಿವಾಹ ಮುಗಿಯುವವರೆಗೂ ತಂದೆಯ ಆಸರೆ ಇದ್ದೇ ಇರುತ್ತದೆ. ಬಾಲಮಂದಿರದಲ್ಲಿ ಬೆಳೆದ ಅನಾಥನಿಗಾದರೋ ಅದೇ ವಯಸ್ಸು ಗಡೀಪಾರಿನ ಆಜ್ಞೆಯಾಗಿ ಬರುತ್ತದೆ.

2015ರ ಬಾಲನ್ಯಾಯ ಕಾಯ್ದೆಯ 46ನೆಯ ಕಲಮು ಇಂಥವರಿಗೆ ಆರ್ಥಿಕ ನೆರವು ‘ನೀಡಬಹುದು’ ಎನ್ನುತ್ತದೆ, ‘ನೀಡತಕ್ಕದ್ದು’ ಎನ್ನುವುದಿಲ್ಲ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆ ಗೊತ್ತುಪಡಿಸಿದ ಮೊತ್ತ ತಿಂಗಳಿಗೆ 4,000 ರೂಪಾಯಿ. ಅದೂ ಸಾಮಾನ್ಯವಾಗಿ 21ನೆಯ ವಯಸ್ಸಿನವರೆಗೆ. ಬೆಂಗಳೂರಿನಲ್ಲಿ ಇಷ್ಟರಲ್ಲಿ ಬಾಡಿಗೆ ತೆತ್ತು ಉಣ್ಣಲಾದೀತೇ?

ಇದು ಸರ್ಕಾರದ ಹೊಣೆಯೆಂದು ಬಸದಿಗಳ ಆಡಳಿತ ಮಂಡಲಿಗಳು ಜಾರಿಕೊಳ್ಳುತ್ತವೆ. ಕೆಲವರಂತೂ ಆ ಹುಡುಗ ಯಾರ ಕುಲದವನು, ಪಾತ್ರನೋ ಅಪಾತ್ರನೋ ಎಂದು ವಿಚಾರಿಸುತ್ತಾರೆ. ಆ ವಿವೇಚನೆ ಸಲ್ಲುವುದು ಪಾತ್ರದತ್ತಿಗೆ. ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿಯನ್ನು ಬೇರೆಯಾಗಿಯೇ ಹೇಳಿದ್ದಾರೆ. ಅನುಕಂಪದಿಂದ ಅಭಯವೀಯುವುದು ಅದರ ಲಕ್ಷಣ, ಗೋತ್ರವಿಚಾರಣೆಯಲ್ಲ. ನಾಳೆ ರಾತ್ರಿ ಎಲ್ಲಿ ಮಲಗಲೆಂದು ಅಂಜುವ ಹುಡುಗಿಗಿಂತ ಅಭಯ ಬೇಡುವ ಜೀವ ಇನ್ನಾವುದು?

ಹಣವಿಲ್ಲವೆಂಬ ಮಾತೂ ನಿಲ್ಲದು. ಕಲಶದ ಸವಾಲಿನಲ್ಲಿ ಲಕ್ಷಗಳು ಕ್ಷಣದಲ್ಲಿ ಏರುತ್ತವೆ. ಅಮೃತಶಿಲೆಯ ಮೇಲೆ ಹೆಸರು ಕೆತ್ತಿಸಬಹುದು, ಹಾಸ್ಟೆಲಿನ ರಸೀದಿಯ ಮೇಲೆ ಕೆತ್ತಿಸಲಾಗದು. ಅಡಚಣೆ ಬಹುಶಃ ಅಲ್ಲಿಯೇ ಇದೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಶಾಸ್ತ್ರದಾನವಾದರೆ, ಈ ತರುಣರ ಕಾಲೇಜು ಶುಲ್ಕ ಕಟ್ಟುವುದೂ ಅದೇ ದಾನ.

ಪ್ರತಿ ಟ್ರಸ್ಟೂ ತನ್ನ ವಾರ್ಷಿಕ ಆಯವ್ಯಯದಲ್ಲಿ ಇಬ್ಬರು ತರುಣರ ಬಾಡಿಗೆ, ಶುಲ್ಕ, ಮುಂಗಡಗಳನ್ನು 23 ವರ್ಷದವರೆಗೆ ಬರೆದಿಡಲಿ. ಆ ಹಣ ಅವರ ಬ್ಯಾಂಕ್ ಖಾತೆಗೇ ಸೇರಲಿ, ವೇದಿಕೆಗೆ ಕರೆಯದೆ, ಛಾಯಾಚಿತ್ರ ತೆಗೆಯದೆ.