ಪೌರನೌಕರರ ಉಪವೃತ್ತಿ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮಹಾಜನರು ಪೌರಕಚೇರಿಯ ಮೆಟ್ಟಿಲು ಹತ್ತುವುದು ಕಂದಾಯ ಕಟ್ಟುವುದಕ್ಕೆ, ಖಾತೆ ಬದಲಾಯಿಸಿಕೊಳ್ಳುವುದಕ್ಕೆ, ನಲ್ಲಿಯಲ್ಲಿ ನೀರು ಬಾರದುದನ್ನು ಅರಿಕೆ ಮಾಡಿಕೊಳ್ಳುವುದಕ್ಕೆ. ಅಲ್ಲಿನ ನೌಕರನ ಚಿತ್ತವು ತನ್ನ ಬೇರೊಂದು ವ್ಯವಹಾರದಲ್ಲಿದ್ದರೆ ಈ ಕೆಲಸಗಳ ಗತಿಯೇನು?

ಸರ್ಕಾರದವರು 1966ರಲ್ಲಿ ಮಾಡಿದ ನಡತೆ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2021ರ ನಿಯಮಗಳೂ ಪೂರ್ವಾನುಮತಿಯಿಲ್ಲದೆ ನೌಕರನು ವ್ಯಾಪಾರವನ್ನಾಗಲಿ ಅನ್ಯೋದ್ಯೋಗವನ್ನಾಗಲಿ ಕೈಕೊಳ್ಳಕೂಡದೆಂದು ವಿಧಿಸಿವೆ. ಪತ್ನಿಯ ಹೆಸರಿನ ವಿಮಾ ಏಜೆನ್ಸಿಗೆ ಪತಿಯು ಗಿರಾಕಿಗಳನ್ನು ಹುಡುಕಿಕೊಡುವುದೂ ನಿಯಮಭಂಗವೇ. ಧರ್ಮಕಾರ್ಯಕ್ಕೂ ಆಗೊಮ್ಮೆ ಈಗೊಮ್ಮೆ ಮಾಡುವ ಸಾಹಿತ್ಯರಚನೆಗೂ ಅಡ್ಡಿಯಿಲ್ಲ. ಅದು ಯುಕ್ತವೇ ಸರಿ. ಚನ್ನಗಿರಿಯ ಕಡೆ ಪಿತ್ರಾರ್ಜಿತ ಅಡಿಕೆ ತೋಟವುಳ್ಳವನನ್ನು ನಾವೂ ಆಕ್ಷೇಪಿಸೆವು.

ಆದರೆ ಎಲ್ಲರನ್ನೂ ಒಂದೇ ಕೋಲಿನಿಂದ ಅಳೆಯುವುದು ನಮಗೆ ಸಮ್ಮತವಲ್ಲ. ಸಂಬಳವು ತಿಂಗಳು ಪೂರ್ತಿ ಸಾಲದೆ ಸಂಜೆ ಕಿರಾಣಿ ಅಂಗಡಿಯಲ್ಲಿ ತಕ್ಕಡಿ ಹಿಡಿಯುವ ಹಂಗಾಮಿ ನೀರುಗಂಟಿಯೂ, ತಾನೇ ಖಾತೆ ಮಾಡಿಕೊಡುವ ನಿವೇಶನಗಳನ್ನು ಭಾವಮೈದುನನ ಹೆಸರಿನಲ್ಲಿ ಮಾರಿಸುವ ಗುಮಾಸ್ತೆಯೂ ಸಮಾನ ಅಪರಾಧಿಗಳೇ? ನೋಟೀಸು ಮಾತ್ರ ನೀರುಗಂಟಿಯ ಮನೆಗೇ ಮೊದಲು ತಲಪುವುದು!

ದಾವಣಗೆರೆಯ ಜಿಲ್ಲಾಧಿಕಾರಿಗಳು ಇಷ್ಟನ್ನು ಮಾಡಿಸಬೇಕೆಂದು ನಮ್ಮ ವಿಜ್ಞಾಪನೆ: ಯಾವ ನೌಕರನಿಗೆ ಯಾವ ಉಪವೃತ್ತಿಗೆ ಅನುಮತಿ ದೊರೆತಿದೆಯೆಂಬುದನ್ನು ನಾಲ್ಕೂ ಊರುಗಳ ಪೌರಕಚೇರಿಯ ಬಾಗಿಲಲ್ಲಿ ಬರೆದು ಹಾಕಿಸಲಿ, ಹಂಗಾಮಿ ನೌಕರರ ಸಂಬಳವನ್ನು ತಿಂಗಳಿನ ಮೊದಲ ವಾರದಲ್ಲಿಯೇ ಕೊಡಿಸಲಿ.