ಹೊಳೆಗೆ ಪ್ರೇಮಿಗಳು ಬೇಕಿಲ್ಲ

ಕ್ರಿಕೆಟ್ ಪ್ರೇಮಿ, ಸಿನಿಪ್ರೇಮಿ, ಶ್ವಾನಪ್ರೇಮಿ. ಪತ್ರಿಕೆಗಳ ಕನ್ನಡದಲ್ಲಿ ಈ ಸಾಲಿಗೇ ಸೇರುವ ಇನ್ನೊಂದು ಪದ 'ಪ್ರಕೃತಿಪ್ರೇಮಿ'; ಅದರ ಅವಳಿ 'ಪರಿಸರಪ್ರೇಮಿ'. ಈ ಸಾಲಿನಲ್ಲಿ ಪ್ರೇಮಿ ಎಂದರೆ ಬಿಡುವಿನ ವೇಳೆಗೊಂದು ಹವ್ಯಾಸ ಇಟ್ಟುಕೊಂಡವರು ಎಂದಷ್ಟೇ ಅರ್ಥ. ಕ್ರಿಕೆಟ್ ಹಿಡಿಸದವರು ಟಿವಿ ಆರಿಸಬಹುದು. ಹೊಳೆ ಹಿಡಿಸದವರು ನೀರು ಕುಡಿಯುವುದನ್ನು ಬಿಡಲಾದೀತೆ?

'ದೇಶಪ್ರೇಮ'ವೂ ಪ್ರೇಮವೇ. ಆದರೆ ಅದನ್ನು ಯಾರೂ ಹವ್ಯಾಸ ಎನ್ನುವುದಿಲ್ಲ, ಕರ್ತವ್ಯ ಎನ್ನುತ್ತಾರೆ. 1976ರ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 51ಎ ವಿಧಿ ಕಾಡು, ಕೆರೆ, ನದಿಗಳ ರಕ್ಷಣೆಯನ್ನೂ ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೇ ಸೇರಿಸಿದೆ. ಕಾನೂನು ಕರ್ತವ್ಯ ಎಂದದ್ದನ್ನು ನಮ್ಮ ಭಾಷೆ ಖಯಾಲಿಯಾಗಿಸಿದೆ. ನನ್ನ ತಕರಾರು ಇರುವುದು ಇಲ್ಲೇ.

ನನ್ನೂರು ಶ್ರೀರಂಗಪಟ್ಟಣದ ಪಕ್ಕದ ಬಾಬುರಾಯನಕೊಪ್ಪಲು. ನಮ್ಮ ಕಡೆ 'ಪ್ರಕೃತಿ' ಎಂಬ ಪದ ಮಾತಿನಲ್ಲಿ ಬರುವುದೇ ಅಪರೂಪ. ಹೊಳೆ, ನಾಲೆ, ಗದ್ದೆ, ತೋಪು, ಗೋಮಾಳ ಎಂದು ಒಂದೊಂದಕ್ಕೂ ಅದರದೇ ಹೆಸರುಂಟು. 'ನಾಲೆಗೆ ನೀರು ಬುಟ್ರಾ?' ಎಂದು ಕೇಳುವವರ ದನಿಯಲ್ಲಿ ಆತಂಕವಿದೆ, ಲೆಕ್ಕವಿದೆ, ಕೆಲವೊಮ್ಮೆ ಸಿಟ್ಟೂ ಇದೆ. ಅದಕ್ಕೆ ಪ್ರೇಮ ಎಂದು ಹೆಸರಿಡುವುದು ಅವರ ಪಾಲನ್ನು ಕಿತ್ತುಕೊಂಡು ಕೈಗೊಂದು ಹೂ ಕೊಟ್ಟಂತೆ.

ಪಕ್ಕದ ಪಾಂಡವಪುರ ತಾಲ್ಲೂಕಿನ ಬೇಬಿಬೆಟ್ಟವನ್ನೇ ನೋಡಿ. 2022ರಲ್ಲಿ ಅಲ್ಲಿ ಪ್ರಾಯೋಗಿಕ ಸ್ಫೋಟಕ್ಕೆ ಸಿದ್ಧತೆ ನಡೆದಾಗ ಅಡ್ಡ ನಿಂತವರು ರೈತರು. ಅವರ ಚಿಂತೆ ಕೆಆರ್‌ಎಸ್ ಅಣೆಕಟ್ಟೆಯದು. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಗೆ ತಡೆಯೊಡ್ಡಿತು. ಈ ರೈತರನ್ನು 'ಪರಿಸರಪ್ರೇಮಿಗಳು' ಎಂದು ಕರೆದ ಕೂಡಲೇ ಜಗಳದ ರೂಪವೇ ಬದಲಾಗುತ್ತದೆ. ಒಂದು ಕಡೆ ಕಲ್ಲು ಒಡೆದು ಬದುಕುವವರ ಹೊಟ್ಟೆಪಾಡು, ಇನ್ನೊಂದು ಕಡೆ ಯಾರದೋ ಭಾವುಕತೆ! ಎರಡೂ ಕಡೆ ಇರುವುದು ಹೊಟ್ಟೆಪಾಡೇ ಎಂಬ ಸತ್ಯ ಆ ಒಂದು ಪದದಡಿ ಹೂತುಹೋಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನ ಜನ ಹೆಜ್ಜಾರ್ಲೆ, ಕೊಕ್ಕರೆಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ಹಕ್ಕಿ ಗೂಡು ಕಟ್ಟಿದ ಹುಣಸೆಮರದ ಫಸಲಿನ ಆಸೆ ಬಿಡುತ್ತಾರೆ, ಹಿಕ್ಕೆಯನ್ನು ಗೊಬ್ಬರ ಮಾಡಿಕೊಳ್ಳುತ್ತಾರೆ. ಅಲ್ಲಿ ಕೊಡು-ಕೊಳ್ಳುವಿಕೆ ಇದೆ, ನಷ್ಟವೂ ಇದೆ. ಅದು ನೆಂಟಸ್ತಿಕೆ. ಕ್ಯಾಮೆರಾ ಹೆಗಲಿಗೇರಿಸಿ ಭಾನುವಾರ ಹೋಗಿ ಬರುವ ನಮಗೂ ಅವರಿಗೂ ಒಂದೇ ಪದ ಸಾಲದು.

'ಪ್ರೇಮದ ಬದಲು ಭಕ್ತಿ ಇದೆಯಲ್ಲ, ಕಾವೇರಿ ತಾಯಿಯಲ್ಲವೇ?' ಎನ್ನುವವರು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಬಂದು ನೋಡಲಿ. ಅಸ್ಥಿ ಬಿಟ್ಟು, ಬಟ್ಟೆ ಬಿಟ್ಟು, ಕೈಮುಗಿದು ಹೋಗುತ್ತಾರೆ. ಭಕ್ತರಿಗೂ ಪ್ರೇಮಿಗಳಿಗೂ ಒಂದು ಅನುಕೂಲವಿದೆ: ಭಾವನೆ ತೋರಿಸಿದರೆ ಸಾಕು, ಕಸ ಎತ್ತಬೇಕಿಲ್ಲ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ಈ ಪದವನ್ನು ಚೆನ್ನಾಗಿಯೇ ಸಾಕಿದ್ದೇವೆ. 'ಕುವೆಂಪು ಅವರ ಪ್ರಕೃತಿಪ್ರೇಮವನ್ನು ವಿವರಿಸಿ' ಎಂಬ ಪ್ರಶ್ನೆ ಯಾರಿಗೆ ಗೊತ್ತಿಲ್ಲ? ಆ ಉತ್ತರದಲ್ಲಿ ಸೂರ್ಯೋದಯ ಇರುತ್ತದೆ, ಹಕ್ಕಿ ಇರುತ್ತದೆ. 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಕಾಡಿನಲ್ಲಿ ಜೀತ ಮಾಡುವವರು ಮಾತ್ರ ಇರುವುದಿಲ್ಲ. ಹತ್ತು ಅಂಕಕ್ಕೆ ಕಾಡು ಖಾಲಿಯಾಗಿರುತ್ತದೆ.

ಪ್ರೀತಿಯೇ ಇಲ್ಲದೆ ಕಾಳಜಿ ಹುಟ್ಟೀತೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪ್ರೇಮವೇ ಬೇಕೆಂದರೆ ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರಿಂದ ಕಲಿಯೋಣ. 1942ರ 'ಮೈಸೂರು ಮಲ್ಲಿಗೆ'ಯ ಪ್ರೇಮ ದಾಂಪತ್ಯದ್ದು; ಅದರಲ್ಲಿ ತವರಿದೆ, ಮುನಿಸಿದೆ, ಮನೆ ನಡೆಸುವ ಹೊಣೆಯಿದೆ. ದೂರ ನಿಂತು ಮೆಚ್ಚುವವರಿಗೆ ಆ ಮನೆಯಲ್ಲಿ ಕೆಲಸವಿಲ್ಲ.

ಹಾಗಾಗಿ ವರದಿ, ಲೇಖನ, ಪ್ರಬಂಧ ಬರೆಯುವ ಗೆಳೆಯರಲ್ಲಿ ನನ್ನದೊಂದು ಒತ್ತಾಯ. 'ಪರಿಸರಪ್ರೇಮಿಗಳು' ಎಂದು ಬರೆಯುವ ಮುನ್ನ ಅವರು ಯಾರೆಂದು ವಿಚಾರಿಸಿ. ರೈತರಾದರೆ ರೈತರು ಎನ್ನಿ, ಮೀನು ಹಿಡಿಯುವವರಾದರೆ ಹಾಗೇ ಎನ್ನಿ, ಆ ನೀರನ್ನೇ ಕುಡಿಯುವ ಊರಿನವರಾದರೆ ಆ ಊರಿನ ಹೆಸರು ಬರೆಯಿರಿ. ಅವರು ಕೇಳುತ್ತಿರುವುದು ತಮ್ಮ ಪಾಲು ಎಂಬುದು ಓದುವವರಿಗೆ ಆಗಲಾದರೂ ತಿಳಿಯಲಿ.