ಔಟ್ ಆಫ್ ಸ್ಟೇಷನ್

ವಿಜಯನಗರದಲ್ಲಿ ನಾನು ಬಟ್ಟೆ ಹೊಲಿಸುವ ಅಂಗಡಿಯ ಶಟರ್ ಮೇಲೆ ಹೋದ ವಾರ ಒಂದು ರಟ್ಟು ನೇತಾಡುತ್ತಿತ್ತು: ‘ಔಟ್ ಆಫ್ ಸ್ಟೇಷನ್. ಸೋಮವಾರ ಓಪನ್.’ ಜೊತೆಗಿದ್ದ ಅಕ್ಕನ ಮಗಳು ನಕ್ಕಳು. “ಮಾವ, ಇದು ಇಂಗ್ಲಿಷೇ ಅಲ್ಲ. ನಮ್ಮಾಫೀಸಿನ ಅಮೆರಿಕದವರಿಗೆ ಅರ್ಥಾನೇ ಆಗಲ್ಲ.” ಆಗದಿರಬಹುದು. ಟೈಲರ್ ರಟ್ಟು ತೂಗುಹಾಕಿದ್ದು ನನ್ನಂಥವರಿಗೆ. ಓದಿದೆ, ಅರ್ಥವಾಯಿತು, ವಾಪಸ್ ಬಂದೆ.

ಈ ಮಾತನ್ನು ಕೆಡಿಸಿದವರೂ ನಾವಲ್ಲ. ಬ್ರಿಟಿಷ್ ಅಧಿಕಾರಿಗೆ ನೇಮಕವಾದ ಊರೇ ಅವನ ‘ಸ್ಟೇಷನ್’. ನಮ್ಮ ಬೆಂಗಳೂರಿನ ದಂಡು ಪ್ರದೇಶಕ್ಕೂ 1947ರಲ್ಲಿ ಮೈಸೂರಿಗೆ ಮರಳುವವರೆಗೆ ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದೇ ಹೆಸರಿತ್ತು. ‘ಐ ಆಮ್ ಹಿಯರ್ ಓನ್ಲಿ’ಯ ಕಥೆ ಬೇರೆ. ಅದು ‘ಇಲ್ಲೇ ಇದ್ದೀನಿ’ಯಲ್ಲಿರುವ ಏಕಾರ, ಇಂಗ್ಲಿಷಿನಲ್ಲಿ ಕೂರಲು ಜಾಗ ಸಿಗದೆ ‘ಓನ್ಲಿ’ಯ ವೇಷ ಹಾಕಿದೆ.

ಇಂಥದ್ದಕ್ಕೆಲ್ಲ ನಾಚುವ ನಾವು ಸಂಸ್ಕೃತದ ಮುಂದೆ ಯಾವತ್ತಾದರೂ ನಾಚಿದ್ದುಂಟೆ? ಅಲ್ಲಿ ‘ಶಿಕ್ಷಾ’ ಎಂದರೆ ಕಲಿಕೆ. ನಾವು ಅದನ್ನು ‘ಶಿಕ್ಷೆ’ ಮಾಡಿ ಜೈಲಿಗೆ ಕಳಿಸಿದೆವು. (ನಮ್ಮ ಮೇಷ್ಟರ ಬೆತ್ತ ನೆನೆದರೆ ಎರಡಕ್ಕೂ ಅಷ್ಟೇನೂ ದೂರವಿಲ್ಲ.) ಯಜ್ಞ ಮಾಡಿಸುವ ‘ಯಜಮಾನ’ ನಮ್ಮ ಮನೆಗಳಲ್ಲಿ ಗಂಡನಾದ. ಕನ್ನಡದೊಳಗೂ ಇದೇ ಕಥೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಪಟ್ಟಿ ಮಾಡಿಟ್ಟ. ಜನರ ಬಾಯಿಂದ ಅದು ಜಾರುತ್ತಿದ್ದದ್ದಕ್ಕೇ ಅಲ್ಲವೆ ಪಟ್ಟಿ ಬೇಕಾದದ್ದು? ಅಷ್ಟು ದೊಡ್ಡ ವೈಯಾಕರಣನ ಕೈಲೂ ಆ ಅಕ್ಷರವನ್ನು ಉಳಿಸಲಾಗಲಿಲ್ಲ. ‘ಬಾೞೆ’ ಬಾಳೆಯಾಯಿತು, ಹಣ್ಣು ಸಿಹಿಯಾಗಿಯೇ ಇದೆ.

ಹಾಗಂತ ತಪ್ಪೆಂಬುದೇ ಇಲ್ಲವೆನ್ನಲಾರೆ. ಕೇಳಿದವನು ದಾರಿ ತಪ್ಪಿದರೆ ಅದು ತಪ್ಪೇ. ಕನ್ನಡದಲ್ಲಿ ಸಭೆಯನ್ನು ‘ಮುಂದಕ್ಕೆ ಹಾಕಿದರೆ’ ಅದು ತಡವಾಗುತ್ತದೆ. ಅದನ್ನೇ ನೇರ ಇಂಗ್ಲಿಷಿಗಿಳಿಸಿ ‘ಬ್ರಾಟ್ ಫಾರ್ವರ್ಡ್’ ಎಂದು ಬರೆದರೆ ಲಂಡನ್ನಿನವರು ಮೊದಲೇ ಬಂದು ಕಾಯುತ್ತಾರೆ. ಅಲ್ಲಿ ತಿದ್ದಬೇಕು. ‘ಪ್ರೀಪೋನ್’ ಎಂದರೆ ಯಾರೂ ಎಡವುವುದಿಲ್ಲ. ಆಕ್ಸ್‌ಫರ್ಡ್ ನಿಘಂಟೇ ಅದನ್ನು ಸೇರಿಸಿಕೊಂಡಿದೆ, ಇನ್ನು ನಮ್ಮದೇನು ತಕರಾರು.

ರಾಜಾಜಿನಗರದ ‘ವೆಸ್ಟ್ ಆಫ್ ಕಾರ್ಡ್ ರೋಡ್’ ಇದೆಯಲ್ಲ, ಅದರ ಸ್ಪೆಲಿಂಗಿನಲ್ಲಿರುವುದು ರೇಷನ್ ಕಾರ್ಡಿನ ಕಾರ್ಡ್ ಅಲ್ಲ. ರೇಖಾಗಣಿತದಲ್ಲಿ ವೃತ್ತದ ಜ್ಯಾ ಎನ್ನುತ್ತೇವಲ್ಲ, ಆ ಪದ. ಇದು ತಿಳಿದ ಹೊಸದರಲ್ಲಿ ಒಮ್ಮೆ ಆಟೋ ನಿಲ್ಲಿಸಿ, ತುಟಿ ದುಂಡಗೆ ಮಾಡಿ ‘ಕೋರ್ಡ್ ರೋಡ್’ ಎಂದೆ. ಡ್ರೈವರ್ ತಲೆ ಕೆರೆದುಕೊಂಡ: “ಅದೆಲ್ಲಿ ಬರುತ್ತೆ ಸಾರ್?”

ಕಾರ್ಡ್ ರೋಡು ಎಂದೆ. ಮೀಟರ್ ಹಾಕಿದ.